ಟೆನ್ ಸಿಸಿಯ ಆ ‘ಆ...’ ಮತ್ತೆ ಕಟ್ಟಿದ್ದು: ಟೇಪ್ ಲೂಪ್, ಮೈಕ್ ಸ್ಟ್ಯಾಂಡ್, 12 ಫೇಡರ್

1975ರಲ್ಲಿ ಬ್ರಿಟನ್‌ನ ಹಾಡುಗಳ ಪಟ್ಟಿಯಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿದ್ದ ಹಾಡು ‘ಐಯಾಮ್ ನಾಟ್ ಇನ್ ಲವ್’. ಟೆನ್ ಸಿಸಿ ಎಂಬ ನಾಲ್ವರ ತಂಡದ್ದು. ಅಮೆರಿಕದಲ್ಲಿ ಎರಡನೇ ಸ್ಥಾನದವರೆಗೆ ಹೋಯಿತು. ಸಾಫ್ಟ್ ರಾಕ್ ಎಂದರೆ ಹೀಗಿರಬೇಕು ಎಂದು ಇವತ್ತಿಗೂ ತೋರಿಸಬಹುದಾದ ಹಾಡು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎರಿಕ್ ಸ್ಟುವರ್ಟ್ ಮೆಲ್ಲಗೆ ಹಾಡುತ್ತಿರುತ್ತಾರೆ. ಅವರ ಹಿಂದೆ ದೊಡ್ಡದೊಂದು ಗುಂಪು ‘ಆ...’ ಎನ್ನುತ್ತಿರುತ್ತದೆ. ಆ ಗುಂಪು ಆರು ನಿಮಿಷ ಎಲ್ಲೂ ಉಸಿರು ತೆಗೆಯುವುದಿಲ್ಲ.

ಆ ಗುಂಪಿನಲ್ಲಿ ಇದ್ದವರು ಮೂರೇ ಜನ. ಉಳಿದದ್ದೆಲ್ಲ ಟೇಪು, ಬ್ಲೇಡು, ಅಂಟು, ಒಂದು ಮೈಕ್ ಸ್ಟ್ಯಾಂಡು. ಇದನ್ನು ಓದಿ ತಿಳಿದುಕೊಳ್ಳುವುದು ಸಾಲಲಿಲ್ಲ. ಕೈಯಾರೆ ಕಟ್ಟಿ, ಆ ದನಿ ಯಾಕೆ ಹಾಗೆ ಕೇಳಿಸುತ್ತದೆ ಎಂದು ನೋಡಬೇಕಿತ್ತು. ಕಟ್ಟಿದೆ. ಹೇಗೆ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಅವರು ಮಾಡಿದ್ದು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ಸ್ಟ್ರಾಬೆರಿ ಸ್ಟುಡಿಯೋ ಇತ್ತು. ಟೆನ್ ಸಿಸಿಯವರಿಗೆ ಅದು ಮನೆ ಇದ್ದ ಹಾಗೆ. ಎರಿಕ್ ಸ್ಟುವರ್ಟ್ ಹಾಡುಗಾರರಷ್ಟೇ ಅಲ್ಲ, ರೆಕಾರ್ಡಿಂಗ್ ಎಂಜಿನಿಯರ್ ಕೂಡ. ಅವರೂ ಗ್ರಹಾಂ ಗೌಲ್ಡ್‌ಮನ್ನರೂ ಸೇರಿ ಈ ಹಾಡು ಬರೆದರು. ಮೊದಲು ಬ್ರೆಜಿಲ್‌ನ ಬಾಸಾ ನೋವಾ ತಾಳದಲ್ಲಿ ಮಾಡಿದರು. ತಂಡಕ್ಕೆ ಹಿಡಿಸಲಿಲ್ಲ, ಬಿಟ್ಟರು. ಆದರೆ ಸ್ಟುಡಿಯೋದಲ್ಲಿ ಕೆಲಸ ಮಾಡುವವರು ಅದೇ ರಾಗ ಗುನುಗುತ್ತಿದ್ದದ್ದು ಸ್ಟುವರ್ಟ್ ಕಿವಿಗೆ ಬಿತ್ತು. ಮತ್ತೆ ಕೈಗೆತ್ತಿಕೊಂಡರು. ವಾದ್ಯ ಬಿಟ್ಟು ಬರೀ ದನಿಯಲ್ಲಿ ಮಾಡೋಣ ಎಂದವರು ತಂಡದ ಕೆವಿನ್ ಗಾಡ್ಲಿ. ದನಿ ನಿಲ್ಲದೆ ಹರಿಯಬೇಕಾದರೆ ಟೇಪ್ ಲೂಪ್ ಮಾಡೋಣ ಎಂದವರು ತಂಡದ ನಾಲ್ಕನೆಯವರಾದ ಲಾಲ್ ಕ್ರೀಮ್.

ಗಾಡ್ಲಿ, ಕ್ರೀಮ್, ಗೌಲ್ಡ್‌ಮನ್ ಮೂವರೂ ಒಂದೊಂದು ಸ್ವರವನ್ನು 16 ಸಲ ಹಾಡಿದರು. ಮೂರು ಹದಿನಾರಲಿ 48. ಒಂದು ಸ್ವರಕ್ಕೆ 48 ದನಿ. ಹೀಗೆ ಸಪ್ತಕದ 12 ಸ್ವರಕ್ಕೂ. ಒಟ್ಟು ಐನೂರಕ್ಕೂ ಜಾಸ್ತಿ ದನಿ. ಇದಕ್ಕೇ ಮೂರು ವಾರ ಹಿಡಿಯಿತು. ಆಮೇಲೆ ಪ್ರತಿ ಸ್ವರದ ಟೇಪನ್ನು ಸುಮಾರು 12 ಅಡಿ ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸಿ ಲೂಪ್ ಮಾಡಿದರು. ಲೂಪಿನ ಒಂದು ಕಡೆ ಯಂತ್ರದ ಹೆಡ್, ಅಂದರೆ ಟೇಪಿನಿಂದ ದನಿ ಓದುವ ಭಾಗ. ಇನ್ನೊಂದು ಕಡೆ ಮೈಕ್ ಸ್ಟ್ಯಾಂಡಿನ ತಲೆಗೆ ಕೂರಿಸಿದ ರೋಲರ್. ಟೇಪು ಸಡಿಲವಾಗದ ಹಾಗೆ ಸ್ಟ್ಯಾಂಡನ್ನು ಎಳೆದು ನಿಲ್ಲಿಸಿದ್ದರು.

ಮೆಲ್ಲೋಟ್ರಾನ್ ಎಂಬ ಕೀಬೋರ್ಡ್ ಆಗಲೇ ಇತ್ತು. ಅದರ ಪ್ರತಿ ಮನೆಯ ಕೆಳಗೂ ಒಂದು ಟೇಪಿನ ತುಂಡು ಇರುತ್ತದೆ. ಆದರೆ ಅದು ಎಂಟು ಸೆಕೆಂಡಿಗೆಲ್ಲ ಮುಗಿಯುತ್ತದೆ. ಬೆರಳೆತ್ತಿ ಮತ್ತೆ ಒತ್ತಬೇಕು. ಕೊನೆಯೇ ಇಲ್ಲದ ‘ಆ’ ಬೇಕೆಂದರೆ ಲೂಪ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಯಂತ್ರ

ನನ್ನ ಡೆಕ್, ಅಂದರೆ ಟೇಪ್ ಓಡಿಸುವ ಯಂತ್ರ, ಕುವೈತಿನಿಂದ ಬಂದದ್ದು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಕಾಲದ ಒಂದು ಜಪಾನಿ ರೀಲ್ ಡೆಕ್ ಕಪಾಟಿನ ಮೇಲೆ ಕೂತಿರುತ್ತದೆ ಅಲ್ವಾ, ಅಂಥದ್ದೇ. ಕಾಲಿಂಚು ಟೇಪು, ಸೆಕೆಂಡಿಗೆ ಏಳೂವರೆ ಇಂಚು ವೇಗ.

ಕೊಲ್ಲಿಯ ಯಂತ್ರ ಸಿಕ್ಕರೆ ಮೊದಲು ಅದು ಎಷ್ಟು ಹರ್ಟ್ಸ್‌ಗೆ ಇದೆ ಎಂದು ನೋಡಿ. ಕುವೈತಿನಲ್ಲಿ ನಮ್ಮ ಹಾಗೆ 50 ಹರ್ಟ್ಸ್. ಸೌದಿಯಲ್ಲಿ 60. ಈ ಯಂತ್ರಗಳ ಮೋಟಾರು ಕರೆಂಟಿನ ಹರ್ಟ್ಸ್ ಹಿಡಿದು ಓಡುತ್ತದೆ. 60ಕ್ಕೆ ಹೊಂದಿಸಿದ್ದನ್ನು ಇಲ್ಲಿ ಹಾಕಿದರೆ ಮೂರು ಅರ್ಧಸ್ವರಕ್ಕೂ ಜಾಸ್ತಿ ಕೆಳಗೆ ಇಳಿಯುತ್ತದೆ. ವೇಗ ಪರೀಕ್ಷೆ ಸುಲಭ. ಟೇಪಿನ ಬೆನ್ನ ಮೇಲೆ 75 ಇಂಚು ದೂರಕ್ಕೆ ಎರಡು ಗುರುತು ಹಾಕಿ. ಒಂದು ಗುರುತಿನಿಂದ ಇನ್ನೊಂದಕ್ಕೆ ಹತ್ತು ಸೆಕೆಂಡು ಬೇಕು.

ರಬ್ಬರಿನದ್ದೆಲ್ಲ ಹೋಗಿತ್ತು. ಬೆಲ್ಟು ಹಿಗ್ಗಿತ್ತು, ಪಿಂಚ್ ರೋಲರ್ ಗಾಜಿನ ಹಾಗೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಟೇಪನ್ನು ಕ್ಯಾಪ್‌ಸ್ಟನ್‌ಗೆ, ಅಂದರೆ ಮೋಟಾರು ತಿರುಗಿಸುವ ಲೋಹದ ಕಡ್ಡಿಗೆ, ಒತ್ತಿ ಎಳೆಯುವುದು ಇದೇ ರೋಲರ್. ಮಾಮೂಲಿ ರೀಲ್ ಓಡಿಸುವಾಗ ಬಲಗಡೆಯ ರೀಲೂ ಟೇಪನ್ನು ಎಳೆಯುತ್ತದೆ, ಹಾಗಾಗಿ ರೋಲರ್ ಸ್ವಲ್ಪ ಜಾರಿದರೂ ಗೊತ್ತಾಗುವುದಿಲ್ಲ. ಲೂಪಿನಲ್ಲಿ ರೀಲೇ ಇಲ್ಲ. ಎಳೆಯುವ ಕೆಲಸ ಪೂರ್ತಿ ಈ ರೋಲರಿನದೇ. ಸ್ಯಾಂಡ್ ಪೇಪರ್ ಹಾಕಿ ತಿಕ್ಕಿ ಬಳಸುವವರಿದ್ದಾರೆ. ಈ ಕೆಲಸಕ್ಕೆ ಅದು ನಡೆಯುವುದಿಲ್ಲ. ಹಳೆಯ ಲೋಹದ ಒಳಭಾಗಕ್ಕೇ ಹೊಸ ರಬ್ಬರ್ ಕಟ್ಟಿಸಿದೆ.

ಹೆಡ್, ಗೈಡ್, ಕ್ಯಾಪ್‌ಸ್ಟನ್ ಎಲ್ಲ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೆಡ್ಡಿಗೆ ಹತ್ತಿದ್ದ ಅಯಸ್ಕಾಂತ ಗುಣ ತೆಗೆದೆ. ಮೋಟಾರಿನ ಕೆಪಾಸಿಟರ್ ಬದಲಿಸಿದೆ. ಬಲಗಡೆ ಒಂದು ಚಿಕ್ಕ ತೋಳಿದೆ. ಟೇಪು ಮುಗಿದರೆ ಅದು ಕೆಳಗೆ ಬಿದ್ದು ಯಂತ್ರ ನಿಲ್ಲುತ್ತದೆ. ಲೂಪ್ ಆ ತೋಳಿನ ಹತ್ತಿರ ಹೋಗುವುದೇ ಇಲ್ಲ. ರಬ್ಬರ್ ಬ್ಯಾಂಡ್ ಹಾಕಿ ಅದನ್ನು ಮೇಲೆತ್ತಿ ಕಟ್ಟಿಬಿಟ್ಟೆ.

ಸ್ಟ್ಯಾಂಡು ಮತ್ತು ರಾಟೆ

ಇಲ್ಲಿ ಒಂದು ಸಂಗತಿ ಕಟ್ಟುವಾಗಲೇ ಹೊಳೆಯಿತು. ಡೆಕ್ಕನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರೆ ಟೇಪು ಅಂಚಿನ ಮೇಲೆ ನಿಂತ ಹಾಗೆ ಓಡುತ್ತದೆ. ಅದನ್ನು ತಿರುಗಿಸುವ ರಾಟೆಯ ಅಚ್ಚು ನೆಟ್ಟಗೆ ನಿಂತಿರಬೇಕು. ಮೈಕ್ ಸ್ಟ್ಯಾಂಡಿನ ಕೊಳವೆ ನೆಟ್ಟಗೇ ನಿಂತಿರುತ್ತದೆ, ಎತ್ತರವನ್ನೂ ಹೊಂದಿಸಬಹುದು! ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಿ ತಿರುಪು ಬಿಗಿ ಮಾಡಿದರೆ ಮುಗಿಯಿತು. ಸ್ಟುಡಿಯೋದಲ್ಲಿ ಇದಕ್ಕಿಂತ ಹೊಂದುವ ಸಾಮಾನು ಇನ್ನೊಂದಿಲ್ಲ.

ರಾಟೆಯನ್ನು ಲೇತ್ ಅಂಗಡಿಯಲ್ಲಿ ನೈಲಾನ್ ದಿಂಡಿನಿಂದ ಮಾಡಿಸಿದೆ. ಕಾಲಿಂಚು ಟೇಪ್ ಎಂದರೆ 6.3 ಮಿಲಿಮೀಟರ್ ಅಗಲ. ಟೇಪು ಕೂರುವ ತೋಡು ಆರೂವರೆ ಮಿಲಿಮೀಟರ್ ಸಾಕು ಎಂದೆ. ಲೇತ್ ಅಣ್ಣ ಒಂದು ಸಲ ಟೇಪನ್ನು ಮುಟ್ಟಿ ನೋಡಿ, ತೋಡಿನ ಎರಡೂ ಅಂಚನ್ನು ಸ್ವಲ್ಪ ದುಂಡಗೆ ಮಾಡಿಕೊಟ್ಟ. ಇಲ್ಲದಿದ್ದರೆ ಅಂಚು ತಾಗಿ ಟೇಪು ಮುರುಟುತ್ತದೆ. ಒಳಗೆ ಸ್ಕೇಟಿಂಗ್ ಚಕ್ರಕ್ಕೆ ಹಾಕುವ 608 ಬೇರಿಂಗ್. ಹೊಸ ಬೇರಿಂಗಿನಲ್ಲಿ ತುಂಬಿರುವ ಗ್ರೀಸ್ ಈ ಕೆಲಸಕ್ಕೆ ಭಾರ. ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟೆ. ಈಗ ಬಾಯಲ್ಲಿ ಊದಿದರೂ ತಿರುಗುತ್ತದೆ.

ಡೆಕ್ಕಿನ ಎರಡು ಮೂಲೆಗೆ ಒಂದೊಂದು ನೈಲಾನ್ ಗೂಟ. ಸ್ಟ್ಯಾಂಡು ಡೆಕ್ಕಿನ ಮುಂದೆ, ಸುಮಾರು ಐದು ಅಡಿ ದೂರದಲ್ಲಿ. ಮುಂದೆಯೇ ಯಾಕೆ ಎಂದರೆ, ಆಗ ಗೂಟಕ್ಕೂ ರಾಟೆಗೂ ತಾಗುವುದು ಟೇಪಿನ ಬೆನ್ನು. ದನಿ ಇರುವ ಮೈ ಹೆಡ್ಡಿಗೆ ಮಾತ್ರ ತಾಗುತ್ತದೆ. ಗಂಟೆಗಟ್ಟಲೆ ಒಂದೇ ಲೂಪ್ ಓಡಿಸುವಾಗ ಇದು ಮುಖ್ಯ. ಸ್ಟ್ಯಾಂಡಿನ ಕಾಲಿನ ಮೇಲೆ ಮರಳಿನ ಚೀಲ ಹೇರಿದೆ. ಸ್ಟ್ಯಾಂಡು ಕೂದಲೆಳೆಯಷ್ಟು ಅಲುಗಿದರೂ ಸ್ವರ ನಡುಗುತ್ತದೆ.

48 ದನಿ

ಭಜನೆ ಮಂಡಳಿಯ ಇಬ್ಬರು ಗೆಳೆಯರು ಮತ್ತು ನಾನು. ಮೂವರದ್ದೂ ಗಂಡುದನಿ, ಮೂಲದಲ್ಲಿದ್ದ ಹಾಗೆ. ಹಾಡಿದ್ದನ್ನು ಕಂಪ್ಯೂಟರಿನಲ್ಲಿ ಹಿಡಿದೆ. ಅವರ ಕಾಲದಲ್ಲಿ 16 ಟ್ರ್ಯಾಕಿನ ಟೇಪೇ ಗತಿ. ಈ ಒಂದು ಹಂತದಲ್ಲಿ ಹಳೆಯ ದಾರಿ ಹಿಡಿದರೆ ಹೊಸದೇನೂ ಗೊತ್ತಾಗುವುದಿಲ್ಲ ಎಂದು ಬಿಟ್ಟೆ.

ಶ್ರುತಿಯ ವಿಷಯದಲ್ಲಿ ತುಂಬ ಹೊತ್ತು ನಿಲ್ಲಬೇಕಾಯಿತು. ನಮ್ಮವರ ಕಿವಿ ತಂಬೂರಿಗೆ ಹೊಂದಿಕೊಂಡ ಕಿವಿ. ತಂಬೂರಿ ಹಾಕಿ ಅಂತರ ಗಾಂಧಾರ ಹಿಡಿ ಎಂದರೆ ಅದು ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ ಕೂರುತ್ತದೆ. ಅರ್ಧಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕದಲ್ಲಿ. ಕೇಳಲು ಅದೇ ಹಿತ. ಆದರೆ ಇಲ್ಲಿ ಒಂದೇ ಲೂಪ್ ಒಂದು ಕಾರ್ಡಿಗೆ (ಒಟ್ಟಿಗೆ ಕೇಳುವ ಸ್ವರಗಳ ಗುಂಪಿಗೆ) ಗಾಂಧಾರ, ಇನ್ನೊಂದಕ್ಕೆ ಷಡ್ಜ, ಮತ್ತೊಂದಕ್ಕೆ ಪಂಚಮ ಆಗಬೇಕು. ಒಂದು ಷಡ್ಜಕ್ಕೆ ಮಾತ್ರ ಹೊಂದಿದ ಗಾಂಧಾರ ಬೇರೆ ಕಡೆ ಕಚ್ಚುತ್ತದೆ. ಹಾಗಾಗಿ ತಂಬೂರಿ ನಿಲ್ಲಿಸಿ, ಹೆಡ್‌ಫೋನಿನಲ್ಲಿ ಕೀಬೋರ್ಡಿನ ಸ್ವರ ಕೊಟ್ಟೆ.

ಇನ್ನೊಂದು ತೊಡಕು ಗಮಕ. ವರ್ಷಗಟ್ಟಲೆ ಹಾಡಿದ ಕಂಠ ಸ್ವರವನ್ನು ಸುಮ್ನೆ ಬಿಡುವುದಿಲ್ಲ, ಸ್ವಲ್ಪ ತೂಗುತ್ತದೆ. “ಅಲುಗಿಸಬೇಡ ಮಾರಾಯ, ಗೆರೆ ಎಳೆದ ಹಾಗೆ ಹಿಡಿ” ಎಂದು ಹೇಳುತ್ತಲೇ ಇರಬೇಕಾಯಿತು. “ಗೆರೆ ಎಳೆದ ಹಾಗೆ ಹಿಡಿಯುವುದೇ ಕಷ್ಟ ಮಾರಾಯ” ಎಂದ ಒಬ್ಬ ಗೆಳೆಯ. ಅದು ನಿಜ. ಅಕಾರ ಸಾಧನೆ ಮಾಡಿದವರಿಗೆ ಗೊತ್ತು.

ಉಸಿರಿಗೆ ಒಂದು ನಿಯಮ ಮಾಡಿಕೊಂಡೆವು. ಆದಷ್ಟು ಹೊತ್ತು ಹಿಡಿ, ಸಾಕಾದಾಗ ಮೆಲ್ಲಗೆ ಬಿಡು, ಉಸಿರು ತೆಗೆದು ಮೆಲ್ಲಗೆ ಸೇರಿಕೋ. ಎಲ್ಲರೂ ಒಂದೇ ಜಾಗದಲ್ಲಿ ನಿಲ್ಲಿಸಬಾರದು. ಒಬ್ಬನು ಬಿಟ್ಟ ಕಡೆ ಉಳಿದ 47 ದನಿ ಇರುತ್ತದೆ.

16 ಸಲ ಹಾಡುವುದು ಯಾಕೆ, ಒಂದನ್ನೇ 16 ಸಲ ನಕಲು ಮಾಡಬಹುದಲ್ವಾ? ಮಾಡಿ ನೋಡಿದೆ. ನಕಲು ಒಂದರ ಮೇಲೊಂದು ಸರಿಯಾಗಿ ಕೂತು ಗಟ್ಟಿಯಾಗುತ್ತದೆ, ಅಷ್ಟೇ. ದನಿ ಒಬ್ಬನದ್ದಾಗಿಯೇ ಉಳಿಯುತ್ತದೆ. ಬೇರೆ ಬೇರೆ ಸಲ ಹಾಡಿದ್ದರಲ್ಲಿ ಸ್ವರ ಒಂದೆರಡು ಸೆಂಟ್ ಆಚೀಚೆ ಇರುತ್ತದೆ, ಬಾಯಿ ತೆರೆದ ಬಗೆ ಬೇರೆ ಇರುತ್ತದೆ. ಅವು ಸೇರಿದಾಗ ಒಂದು ಕಡೆ ಏರುತ್ತವೆ, ಇನ್ನೊಂದು ಕಡೆ ಇಳಿಯುತ್ತವೆ. ಇಪ್ಪತ್ತು ದಾಟಿದ ಮೇಲೆ ಯಾರದ್ದು ಯಾವ ದನಿ ಎಂದು ಹಾಡಿದವರಿಗೇ ಗೊತ್ತಾಗಲಿಲ್ಲ. ನಲವತ್ತರ ಹತ್ತಿರ ಬಂದಾಗ ಅದು ಮನುಷ್ಯರ ದನಿ ಎಂಬುದೂ ಅರ್ಧ ಮರೆಯುತ್ತದೆ. ಹಾಡಿನಲ್ಲಿ ಕೇಳುವ ಆ ನುಣುಪು ಇಲ್ಲೇ ಹುಟ್ಟುತ್ತದೆ.

ಕತ್ತರಿಸಿ ಅಂಟಿಸುವುದು

48 ದನಿಯನ್ನು ಸ್ಟೀರಿಯೋ ಮಾಡಿ ಟೇಪಿಗೆ ಇಳಿಸಿದೆ. ಟೇಪು ಹೊಸದು. ಫ್ರಾನ್ಸ್‌ನಲ್ಲೂ ಅಮೆರಿಕದಲ್ಲೂ ಈಗಲೂ ತಯಾರಾಗುತ್ತದೆ. ಹಳೆಯ ರೀಲುಗಳನ್ನು ನಮ್ಮ ಕಡೆಯ ಸೆಕೆಯಲ್ಲಿ ನಂಬುವ ಹಾಗಿಲ್ಲ. ಕೆಲವು ಜಾತಿಯ ಟೇಪಿನಲ್ಲಿ ಲೇಪನದ ಅಂಟು ತೇವ ಹೀರಿ ಜಿಗುಟಾಗುತ್ತದೆ, ಓಡಿಸಿದರೆ ಹೆಡ್ಡಿಗೇ ಮೆತ್ತುತ್ತದೆ.

ಬ್ಲೇಡಿಗೆ ಹತ್ತಿದ ಅಯಸ್ಕಾಂತ ಗುಣವನ್ನೂ ತೆಗೆಯಬೇಕು. ಇಲ್ಲದಿದ್ದರೆ ಕತ್ತರಿಸಿದ ಜಾಗದಲ್ಲಿ ‘ಟಿಕ್’ ಎನ್ನುತ್ತದೆ. ಕತ್ತರಿಸುವುದು 45 ಡಿಗ್ರಿ ಓರೆಯಾಗಿ. ಓರೆಯಾದರೆ ಒಂದು ತುದಿಯ ದನಿ ಇಳಿಯುತ್ತಿರುವಾಗಲೇ ಇನ್ನೊಂದರದ್ದು ಏರುತ್ತದೆ. ಲೆಕ್ಕ ನೋಡಿ: ಕಾಲಿಂಚು ಅಗಲದ ಟೇಪಿನಲ್ಲಿ 45 ಡಿಗ್ರಿ ಕಟ್ ಉದ್ದಕ್ಕೂ ಕಾಲಿಂಚು ಹರಡುತ್ತದೆ. ಏಳೂವರೆ ಇಂಚಿನ ವೇಗದಲ್ಲಿ ಅದು ಸೆಕೆಂಡಿನ ಮೂವತ್ತನೇ ಒಂದು ಭಾಗ. ಅಷ್ಟು ಚಿಕ್ಕ ಅವಧಿಯಲ್ಲಿ ಬದಲಾವಣೆ ಪೂರ್ತಿ ಮುಚ್ಚಿಹೋಗುವುದಿಲ್ಲ. ಒಂದೇ ಲೂಪನ್ನು ಕೇಳಿದರೆ ಪ್ರತಿ ಸುತ್ತಿಗೂ ಒಂದು ಸಣ್ಣ ಎಡವು ಕೇಳುತ್ತದೆ.

12 ಅಡಿ ಉದ್ದ ಯಾಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ನನ್ನ ವೇಗದಲ್ಲಿ 12 ಅಡಿ ಎಂದರೆ 19 ಸೆಕೆಂಡು ಚಿಲ್ಲರೆ. ಎಡವು ಅಷ್ಟು ಹೊತ್ತಿಗೊಮ್ಮೆ ಬಂದರೆ ಕಿವಿ ಅದನ್ನು ತಾಳವಾಗಿ ಹಿಡಿಯುವುದಿಲ್ಲ. ಎರಡು ಅಡಿಯ ಲೂಪ್ ಮಾಡಿ ನೋಡಿ, ಮೂರು ಸೆಕೆಂಡಿಗೊಮ್ಮೆ ಬಂದು ತಲೆ ತಿನ್ನುತ್ತದೆ. ಹೆಚ್ಚು ಮುಖ್ಯವಾದದ್ದು ಇನ್ನೊಂದಿದೆ. 12 ಲೂಪಿನ ಎಡವುಗಳು ಒಟ್ಟಿಗೆ ಬೀಳಬಾರದು. ಬೇರೆ ಬೇರೆ ಹೊತ್ತಿಗೆ ಬಿದ್ದರೆ ಒಂದನ್ನು ಉಳಿದವು ನುಂಗಿಬಿಡುತ್ತವೆ. ನಾನು ಬೇಕೆಂದೇ ಉದ್ದ ಬದಲಿಸಿದೆ. ಮೊದಲನೆಯದು 11 ಅಡಿ, ಆಮೇಲಿನದು ಪ್ರತಿಯೊಂದೂ ಮೂರು ಇಂಚು ಜಾಸ್ತಿ. ಕೊನೆಯದು 13 ಅಡಿ 9 ಇಂಚು. ಸುತ್ತಿನ ಅವಧಿ 17.6 ಸೆಕೆಂಡಿನಿಂದ 22 ಸೆಕೆಂಡಿನವರೆಗೆ. ಪ್ರತಿ ಸುತ್ತಿಗೂ ಅವು ಒಂದರಿಂದ ಒಂದು ಜರುಗುತ್ತಲೇ ಇರುತ್ತವೆ.

ಒಂದೊಂದು ಲೂಪನ್ನೂ ಏಳು ನಿಮಿಷ ಓಡಿಸಿ, ಒಂದೊಂದು ಟ್ರ್ಯಾಕಿಗೆ ತುಂಬಿಸಿದೆ. ಸ್ಟ್ರಾಬೆರಿಯಲ್ಲಿ ಇದನ್ನು ಟೇಪಿನ ಟ್ರ್ಯಾಕುಗಳಿಗೆ ತುಂಬಿದರು, ನಾನು ಕಂಪ್ಯೂಟರಿಗೆ. ಮೊದಲೇ ಕಂಪ್ಯೂಟರಿನಲ್ಲಿದ್ದದ್ದನ್ನು ಟೇಪಿಗೆ ಹಾಕಿ ಮತ್ತೆ ಕಂಪ್ಯೂಟರಿಗೆ ತರುವುದು ಸುತ್ತುದಾರಿ ಎನ್ನಿಸಬಹುದು. ಅದಕ್ಕೇ ಟೇಪ್ ಮುಟ್ಟದೆ ಕಂಪ್ಯೂಟರಿನಲ್ಲೇ ಮಾಡಿದ 12 ಲೂಪನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಅವುಗಳಲ್ಲಿ ಎಡವು ಇಲ್ಲವೇ ಇಲ್ಲ. ಚೊಕ್ಕ. ಆದರೆ ದನಿ ನಿಂತುಬಿಟ್ಟಿದೆ. ಟೇಪಿನದ್ದರಲ್ಲಿ ಪ್ರತಿ ಸ್ವರವೂ ತನ್ನಷ್ಟಕ್ಕೆ ತುಸು ತೇಲುತ್ತದೆ, ಪಕ್ಕದ ಸ್ವರ ಬೇರೆ ಬಗೆಯಲ್ಲಿ ತೇಲುತ್ತದೆ. ನನಗೆ ಟೇಪಿನದ್ದೇ ಹಾಡಿಗೆ ಹತ್ತಿರ ಕೇಳಿತು, ಅದರಲ್ಲಿ ಅನುಮಾನವಿಲ್ಲ.

ಮಿಕ್ಸರ್ ನುಡಿಸುವುದು

ಆರ್ಕೆಸ್ಟ್ರಾದವರು ಬಳಸುವ 16 ಚಾನೆಲ್ಲಿನ ಮಿಕ್ಸರ್. ದನಿ ಏರಿಸಿ ಇಳಿಸಲು ಮೇಲೆ ಕೆಳಗೆ ಜಾರಿಸುವ ಗುಂಡಿಯೇ ಫೇಡರ್. ಪ್ರತಿ ಫೇಡರಿನ ಕೆಳಗೆ ಮಾಸ್ಕಿಂಗ್ ಟೇಪಿನ ಮೇಲೆ ಸ್ವರದ ಹೆಸರು ಬರೆದೆ: ಸ, ರಿ1, ರಿ2, ಗ2, ಗ3, ಮ1, ಮ2, ಪ, ದ1, ದ2, ನಿ2, ನಿ3. ನಮ್ಮ ಹನ್ನೆರಡು ಸ್ವರಸ್ಥಾನಗಳ ಹೆಸರು ಈ ಕೆಲಸಕ್ಕೆ ತುಂಬ ಚೆನ್ನಾಗಿ ಒದಗುತ್ತದೆ. ಸ, ಗ3, ಪ ಮೇಲೆತ್ತಿದರೆ ಮೇಜರ್ ಕಾರ್ಡ್. ಗ3 ಇಳಿಸುತ್ತ ಗ2 ಏರಿಸಿದರೆ ಅದೇ ಮೈನರ್ ಆಗುತ್ತದೆ. ಬೆರಳಿನ ಕೆಳಗೆ ಬಣ್ಣ ಬದಲಾಗುವುದನ್ನು ಕೇಳಬಹುದು. ಕೀಬೋರ್ಡಿನಲ್ಲಿ ಹೀಗೆ ನಿಧಾನವಾಗಿ ಒಂದರೊಳಗಿಂದ ಇನ್ನೊಂದನ್ನು ತೆಗೆಯಲು ಆಗುವುದಿಲ್ಲ.

ಟೆನ್ ಸಿಸಿಯ ನಾಲ್ವರೂ ಮಿಕ್ಸರಿನ ಮುಂದೆ ಒಟ್ಟಿಗೆ ನಿಂತು ಫೇಡರ್ ಆಡಿಸಿದರು. ಹಾಡಿದ ಮೂವರ ಜತೆ ಇನ್ನೊಬ್ಬರು ಸೇರಿ ನಾವೂ ನಾಲ್ವರು, ಒಬ್ಬೊಬ್ಬರಿಗೆ ಮೂರು. ಯಾರಿಗೂ ಪೂರ್ತಿ ಕಾರ್ಡ್ ಸಿಗುವುದಿಲ್ಲ. ಪಕ್ಕದವನ ಕೈ ನೋಡದೆ, ಕಿವಿಗೊಟ್ಟೇ ಏರಿಸಬೇಕು. ಏರಿಸುವಾಗ ಆತುರ ಮಾಡಿದರೆ ಅದು ಕೀಬೋರ್ಡಿನ ಹಾಗೆ ಕೇಳುತ್ತದೆ. ಇಳಿಸುವುದು ಏರಿಸುವುದಕ್ಕಿಂತ ನಿಧಾನವಾಗಿರಲಿ.

ಈಗ ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಭಾಗ. ಸ್ಟುವರ್ಟ್ ಪ್ರತಿ ಚಾನೆಲ್ಲಿನ ಫೇಡರಿನ ತಳಕ್ಕೆ ಅಡ್ಡಲಾಗಿ ಟೇಪು ಅಂಟಿಸಿದ್ದರು. ಫೇಡರ್ ಪೂರ್ತಿ ಕೆಳಗೆ ಇಳಿಯದ ಹಾಗೆ. ಹಾಗಾಗಿ ಹನ್ನೆರಡು ಸ್ವರವೂ ಹಾಡಿನ ಉದ್ದಕ್ಕೂ ತುಸುವೇ ಕೇಳುತ್ತಿರುತ್ತವೆ, ಯಾವುದೂ ಪೂರ್ತಿ ನಿಲ್ಲುವುದಿಲ್ಲ. ಕಚೇರಿಯಲ್ಲಿ ಹಾಡುಗಾರ ನಿಲ್ಲಿಸಿದಾಗಲೂ ತಂಬೂರಿ ನಿಲ್ಲುವುದಿಲ್ಲವಲ್ಲ, ಹಾಗೆ. ಆದರೆ ತಂಬೂರಿಯಲ್ಲಿ ಒಂದಕ್ಕೊಂದು ಹೊಂದುವ ಸ್ವರಗಳಿರುತ್ತವೆ. ಇಲ್ಲಿ ಹೊಂದದವೂ ಸೇರಿ ಎಲ್ಲವೂ ಒಟ್ಟಿಗೆ. ಕಾಗದದ ಮೇಲೆ ನೋಡಿದರೆ ಇದು ಬರೀ ಗದ್ದಲ ಆಗಬೇಕು.

ನಾನು ಫೇಡರ್ ಜಾರುವ ತೋಡಿಗೆ ಅಡ್ಡಲಾಗಿ ಇನ್ಸುಲೇಷನ್ ಟೇಪಿನ ಮಡಿಕೆ ಇಟ್ಟೆ. ಒಂದೊಂದನ್ನೇ ತೆರೆದು ಕೇಳಿದರೆ ಇದೆಯೋ ಇಲ್ಲವೋ ಎನ್ನುವಷ್ಟು. 12 ಸೇರಿದಾಗ ಒಂದಕ್ಕಿಂತ ಸುಮಾರು 11 ಡೆಸಿಬೆಲ್ ಜಾಸ್ತಿಯಾಗುತ್ತದೆ. ಆಗ ಅದು ಸ್ವರವಾಗಿ ಕೇಳುವುದಿಲ್ಲ, ಗಾಳಿಯಾಗಿ ಕೇಳುತ್ತದೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬರಿದು ಜಾಗ ಉಳಿಯುವುದಿಲ್ಲ. ಬರಬೇಕಾದ ಸ್ವರ ಆಗಲೇ ಅಲ್ಲಿ ಇರುತ್ತದೆ, ಏರಿಸುವುದಷ್ಟೇ ಬಾಕಿ. ಮಡಿಕೆ ತೆಗೆದು ಫೇಡರನ್ನು ಸೊನ್ನೆಗೆ ಇಳಿಸಿ ಅದೇ ಕಾರ್ಡುಗಳನ್ನು ನುಡಿಸಿದೆವು. ಸ್ವರಗಳೆಲ್ಲ ಸರಿ ಇದ್ದವು. ಆದರೆ ಆ ಹಾಡು ಅಲ್ಲಿ ಇರಲಿಲ್ಲ.

48 ದನಿಯ ಲೆಕ್ಕ ಎಲ್ಲರೂ ಹೇಳುತ್ತಾರೆ. ಕಟ್ಟಿದ ಮೇಲೆ ನನಗನ್ನಿಸುವುದು, ಈ ಹಾಡನ್ನು ಮೊದಲ ಸ್ಥಾನಕ್ಕೆ ಕೊಂಡೊಯ್ದ ದನಿಯಲ್ಲಿ ಆ ಅಂಟುಪಟ್ಟಿಗೂ ಅಷ್ಟೇ ಪಾಲಿದೆ.

ಉಳಿದದ್ದು ಬೇಗ ಮುಗಿಯಿತು. ಮೂಲದಲ್ಲಿ ಎದೆಬಡಿತದ ಹಾಗೆ ಕೇಳುವ ಡ್ರಮ್ ನಿಜವಾದ ಡ್ರಮ್ ಅಲ್ಲ, ಗಾಡ್ಲಿ ಮೂಗ್ ಸಿಂಥಸೈಜರಿನಲ್ಲಿ ತೆಗೆದದ್ದು. ನಾನು ಅಂಥ ದನಿ ಹುಟ್ಟಿಸುವ, ಒಂದೇ ಟ್ರಾನ್ಸಿಸ್ಟರಿನ ಟ್ವಿನ್-ಟಿ ಸರ್ಕ್ಯೂಟ್ ಬೆಸುಗೆ ಹಾಕಿ, 55 ಹರ್ಟ್ಸ್ ಹತ್ತಿರ ಹೊಂದಿಸಿದೆ. ನಡುವೆ ಬರುವ ಹೆಣ್ಣಿನ ಪಿಸುದನಿ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಕ್ಯಾಥಿ ರೆಡ್‌ಫರ್ನ್ ಅವರದ್ದು. ಸ್ಟುವರ್ಟ್‌ಗೆ ಫೋನ್ ಬಂದಿದೆ ಎಂದು ಪಿಸುಗುಟ್ಟಲು ಬಾಗಿಲು ತೆರೆದರು, ಕ್ರೀಮ್ ಆ ದನಿಯನ್ನೇ ಬೇಕು ಎಂದರು. ಅದನ್ನು ನಾನು ಮುಟ್ಟಲಿಲ್ಲ. ಅದು ಅವರದ್ದೇ ಆಗಿರಲಿ.

ಮಾಡಿ ನೋಡಬೇಕು ಎನ್ನುವವರು ಹನ್ನೆರಡಕ್ಕೆ ಕೈಹಾಕುವ ಮೊದಲು ನಾಲ್ಕು ಲೂಪ್ ಮಾಡಿ: ಸ, ಗ2, ಗ3, ಪ. ಮೇಜರಿನಿಂದ ಮೈನರಿಗೆ ಹೋಗಿ ಬರಲು ಅಷ್ಟು ಸಾಕು. ಉದ್ದ ನಾಲ್ಕಕ್ಕೂ ಬೇರೆ ಬೇರೆ ಇರಲಿ. ಅಂಟಿಸುವ ಪಟ್ಟಿ ಟೇಪಿಗಿಂತ ತುಸು ಕಿರಿದಾಗಿರಲಿ, ಬೆನ್ನಿಗೆ ಮಾತ್ರ ಹಾಕಿ, ಉಗುರಿನಲ್ಲಿ ಗಾಳಿಗುಳ್ಳೆ ಇಲ್ಲದ ಹಾಗೆ ಒತ್ತಿ. ಸೆಲ್ಲೋಟೇಪ್ ಬೇಡ, ಸೆಕೆಗೆ ಅದರ ಅಂಟು ಹರಿದು ಪಕ್ಕದ ಸುತ್ತಿಗೆ ಹತ್ತುತ್ತದೆ. ಕೆಲಸ ಮುಗಿದ ಮೇಲೆ ಲೂಪನ್ನು ಮಡಚದೆ ಖಾಲಿ ರೀಲಿಗೆ ಸಡಿಲವಾಗಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡಿ. ಮೇಲೆ ಸ್ವರದ ಹೆಸರು ಬರೆಯಿರಿ.